ಕಾಲು ಚಾಚುವಷ್ಟು ಜಾಗ

ಬಗ್ಗಿತು, ಒಂದು ಗಳಿಗೆ ಹಾಗೇ ತಲೆ ಕೆಳಗಿಟ್ಟುಕೊಂಡು ನಿಂತಿತು, ಹನಿ ಜಾರಿದ ಮೇಲೆ ಮೆಲ್ಲಗೆ ಎದ್ದಿತು — ಕೋಬಿ ಸಸಿಯ ಕುತ್ತಿಗೆ ಎಷ್ಟು ಸಣ್ಣದು, ದಾರದಷ್ಟು, ಆದರೂ ದಿನಾ ಬೆಳಿಗ್ಗೆ ಝಾರಿಯ ನೀರಿಗೆ ಬಗ್ಗುತ್ತದೆ, ದಿನಾ ಏಳುತ್ತದೆ, ಉಜ್ವಲಾ ನೋಡುತ್ತ ನಿಂತಳು, ಝಾರಿ ಕೈಯಲ್ಲಿ ಭಾರವಾಗುತ್ತಿದೆ, ನೆರಳುಬಲೆಯ ಕೆಳಗೆ ಎಲ್ಲವೂ ಹಸಿರು, ಅವಳ ಕೈಬಳೆ, ಸಸಿಯ ಟ್ರೇಗಳು, ಆಚೆ ಕಟ್ಟೆಯ ಮೇಲೆ ಚಹದಲ್ಲಿ ಖಾರಿ ಬಿಸ್ಕೀಟು ಅದ್ದಿಕೊಂಡು ತಿನ್ನುತ್ತ ಕೂತ ಮಗಳು ರೂಪಾಲಿಯ ಮುಖ, ಕೋಬಿ ಮುಗಿಯಿತು, ಚೆಂಡುಹೂವಿನದು ಮುಗಿಯಿತು, ಇನ್ನು ಮೆಣಸಿನ ಸಸಿಯ ಕೊನೆಯ ಸಾಲು, ಅದಕ್ಕೆ ಜೋರಾಗಿ ಹಾಕಬಾರದು, ಮಣ್ಣು ಸಿಡಿದು ಬೇರು ಕಾಣುತ್ತದೆ, ಝಾರಿ ಎತ್ತಿ ಹಿಡಿದು ಮಳೆ ಬಿದ್ದಂತೆ ಬೀಳಿಸಬೇಕು — ರೋಹನ ಇದನ್ನು ಚಂದ ಮಾಡುತ್ತಿದ್ದ, ವಯಸ್ಸಿಗಿಂತ ಎತ್ತರದ ಹುಡುಗ, ಆದರೂ ತುದಿಗಾಲ ಮೇಲೆ ನಿಂತು, ಅವ್ವಾ ನೋಡ ಶ್ರಾವಣದ ಮಳಿ, ಎಂದು — ಬೇಡ, ಆ ಕಡೆ ಹೋಗಬಾರದು, ಹೋದರೆ ಝಾರಿ ಕೈಯಲ್ಲೇ ಉಳಿದು ಹೊತ್ತು ಏರುತ್ತದೆ, ಅಷ್ಟರಲ್ಲಿ ಸಿದ್ದಲಿಂಗ ಫೋನು ಕಿವಿಗಿಟ್ಟುಕೊಂಡೇ ಬಲೆಯ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ, ಹೌದ್ರಿ, ಹೌದ್ರಿ ಮಲಿಕಸಾಬ್ರ, ಈಗ ಹೊಂಟೇವಿ ನೋಡ್ರಿ, ಎಂದು ಫೋನು ಇಳಿಸಿ, ಲಗೂನ ನಡಿ, ಉಗಾರದ ಗಾಡಿ ನೋಡಾಕ ಮಧ್ಯಾಹ್ನಕ್ಕ ಮಿರಜದ ಪಾರ್ಟಿ ಬರಾಕತ್ತೈತಂತ, ಅವರಕಿಂತ ಮೊದಲ ನಾವ ಮುಟ್ಟಬೇಕ, ಎಂದ, ಇದೊಂದ ಸಾಲ ಉಳದೈತ್ರಿ ಎಂದಳು, ಅವ್ವ ಹಾಕ್ತಾಳ ಬಿಡ ಎಂದ, ಸಕ್ಕುಬಾಯಿಯ ತೋಳು ಈಗೀಗ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ತನ್ನ ತಾಯಿಯ ತೋಳು, ಅವನಿಗೂ ಗೊತ್ತು, ಗೊತ್ತಿದ್ದೂ ಅಂದ, ಅವಳೂ ಗೊತ್ತಿದ್ದೂ ಝಾರಿ ಕೆಳಗಿಟ್ಟಳು, ಕೊನೆಯ ಸಾಲು ಒಣಗಿಯೇ ಉಳಿಯಿತು.

ಗಾಡಿ ಬೇಕು ಎನ್ನುವುದು ಈ ಮನೆಯಲ್ಲಿ ಹಳೆಯ ಮಾತು, ಬಾಡಿಗೆ ಗಾಡಿಯವರು ಹೇಳಿದ ಹೊತ್ತಿಗೆ ಬರುವುದಿಲ್ಲ, ಸಸಿಗೆ ಹೊತ್ತು ತಪ್ಪಿದರೆ ನಡೆಯುವುದಿಲ್ಲ, ಬಿಸಿಲೇರಿದ ಮೇಲೆ ಏಕಸಂಬಿ ಬಿಟ್ಟರೆ ರಾಯಬಾಗದ ಹೊಲ ಮುಟ್ಟುವಷ್ಟರಲ್ಲಿ ತಲೆ ಬಾಗಿಸಿ ಬಾಡಿರುತ್ತವೆ, ಅದಕ್ಕೆ ಒಂದು ನಡುಗಾತ್ರದ ವ್ಯಾನು, ಹೊಸದು ಬೇಡ, ಯಾರಾದರೂ ಚಂದಾಗಿ ಬಳಸಿದ್ದು, ಸೀಟು ಮಡಚಿದರೆ ಟ್ರೇ ಹಿಡಿಯಬೇಕು, ಬಿಚ್ಚಿದರೆ ಮನೆಮಂದಿ ಕೂತು ಮದುವೆಗೋ ದೇವರಿಗೋ ಹೋಗಿಬರಬೇಕು, ಹೋದ ವರ್ಷ ಇದೇ ಕಟ್ಟೆಯ ಮೇಲೆ ಕೂತು ನಾಲ್ಕೂ ಮಂದಿ ಮಾತಾಡಿದ್ದರು, ಅಲ್ಲ ಐದು ಮಂದಿ, ಕಿಟಕಿ ಬಾಜೂಕ ನಾ, ಎಂದಿದ್ದ ರೋಹನ, ನಾ, ಎಂದಿದ್ದಳು ರೂಪಾಲಿ, ಹೋಗೂಮುಂದ ನೀ ಬರೂಮುಂದ ನಾ ಎಂದು ಅವನೇ ರಾಜಿ ಮಾಡಿಕೊಂಡಿದ್ದ — ಈಗ ರೂಪಾಲಿ ಖಾರಿಯ ಪುಡಿ ಕೊಡವಿಕೊಂಡು ಬಂದು ಜಡೆ ಹಾಕಿಸಿಕೊಳ್ಳಲು ಅವ್ವನಿಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಇವತ್ತು ರವಿವಾರ, ಶಾಲೆಯಿಲ್ಲ, ನಾನೂ ಬರ್ತೇನಿ ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ, ಬಾಯಲ್ಲಿ ಏನನ್ನೋ ಇಟ್ಟುಕೊಂಡವಳಂತೆ ಇರುತ್ತಾಳೆ ಇತ್ತೀಚೆಗೆ, ನುಂಗಲೂ ಇಲ್ಲ ಉಗುಳಲೂ ಇಲ್ಲ, ಉಜ್ವಲಾ ಅದನ್ನು ದಿನಾ ನೋಡುತ್ತಾಳೆ, ದಿನಾ ಬಾಚಣಿಕೆಯ ಕಡೆ ಕಣ್ಣು ತಿರುಗಿಸುತ್ತಾಳೆ, ಇವತ್ತು ಕೇಳಿಬಿಡುತ್ತಾಳೇನೋ, ಇವತ್ತು ಕೇಳದಿರಲಿ.

ಆ ದಿನ ರೂಪಾಲಿಯನ್ನು ಶಿರಗುಪ್ಪಿಗೆ, ಉಜ್ವಲಾಳ ತವರಿಗೆ ಕಳಿಸಿಬಿಟ್ಟಿದ್ದರು, ಸಣ್ಣವರು ನೋಡಬಾರದು ಎಂದು ಈ ಕಡೆ ಎಲ್ಲರೂ ಮಾಡುವಂತೆ, ಕಾರ್ಯವೆಲ್ಲ ಮುಗಿದ ಮೇಲೆ ಸೋದರಮಾವ ಕರೆತಂದು ಬಿಟ್ಟ, ಗೇಟಿನಲ್ಲಿ ಚಪ್ಪಲಿಯನ್ನೂ ಬಿಡದೆ, ಅಣ್ಣ ಎಲ್ಲಿ, ಎಂದಿತು ಮಗು, ಅಂಗಳದ ತುಂಬ ಹಿರಿಯರಿದ್ದರು, ಸಕ್ಕುಬಾಯಿಯೇ ಮುಂದೆ ಬಂದು, ಅಣ್ಣಾ ಅಥಣೀ ಹಾಸ್ಟೆಲಿಗೆ ಹೋಗ್ಯಾನ ಬಾಳಾ, ದೀಪಾವಳಿ ಸೂಟಿಗೆ ಬರ್ತಾನ, ಎಂದರು, ಅಂದದ್ದು ಕರುಳು ತಡೆಯದೆ, ಅತ್ತೆಯ ಮೇಲೆ ಸಿಟ್ಟು ಮಾಡುವಂತಿಲ್ಲ, ಯಾಕೆಂದರೆ ಅದು ಪೂರಾ ಸುಳ್ಳೂ ಅಲ್ಲ, ಬರುವ ವರ್ಷ ಅಥಣಿಯ ವಸತಿ ಶಾಲೆಗೆ ಹಾಕುವುದೆಂದು ಮಾತಾಗಿತ್ತು, ಚಿಕ್ಕೋಡಿಯ ಪೇಟೆಯಲ್ಲಿ ಹಸಿರು ಟ್ರಂಕು ಕೊಂಡು ಬಿಳಿ ಬಣ್ಣದಲ್ಲಿ ಹೆಸರನ್ನೂ ಬರೆಸಿದ್ದಾಗಿತ್ತು, ಅವನು ಆ ಟ್ರಂಕಿನ ಮೇಲೆ ಕೂತೇ ಊಟ ಮಾಡುತ್ತಿದ್ದ, ಹಾಸ್ಟೆಲಿಗೆ ಹೋದ ಹುಡುಗನ ಟ್ರಂಕು ಮನೆಯಲ್ಲಿ ಇರಬಾರದಲ್ಲ, ಅದಕ್ಕೆ ಅದನ್ನು ಅಟ್ಟದ ಮೇಲೆ ಹರಿದ ಟ್ರೇಗಳ ಹಿಂದೆ ಇಟ್ಟಳು, ಒಂದು ಸುಳ್ಳಿಗೆ ಎಷ್ಟು ಸಾಮಾನು ಮುಚ್ಚಿಡಬೇಕು, ಅವನ ಚಪ್ಪಲಿ, ಅವನ ಶಾಲೆಯ ಚೀಲ, ನೋಡಲು ಬಂದವರ ಅಳು, ದೀಪಾವಳಿ ಬಂತು, ರೂಪಾಲಿ ಕಟ್ಟೆಯ ಮೇಲೆ ಕೂತು ಚಿಕ್ಕೋಡಿ ಬಸ್ಸಿನಿಂದ ಇಳಿಯುವವರನ್ನು ನೋಡಿದಳು, ರಜೆ ಮುಗಿಯಿತು, ಯುಗಾದಿಗೆ ಬರ್ತಾನ ಎಂದರು ಅತ್ತೆ ಒಲೆಯ ಕಡೆ ಮುಖ ಮಾಡಿ, ಹೂಂ ಎಂದಿತು ಮಗು, ಅದಾದ ಮೇಲೆ ಒಮ್ಮೆಯೂ ಕೇಳಿಲ್ಲ, ಕೇಳಿದಾಗ ಎದೆ ಒಡೆಯುತ್ತಿತ್ತು, ಕೇಳದೆ ಇದ್ದಾಗ ಅದಕ್ಕಿಂತ ಹೆಚ್ಚು, ಶಾಲೆಯಲ್ಲಿ ಹುಡುಗರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ, ಇರುವುದಿಲ್ಲ, ಇರಬಹುದು, ಜಡೆ ಬಿಗಿಯಾತೇನ ಬೇ, ಇಲ್ಲವ್ವಾ.

ಮೋಟರ್‌ಸೈಕಲ್ಲಿನಲ್ಲಿ ಮಗಳು ಮುಂದೆ ಪೆಟ್ರೋಲ್ ಟಾಕಿಯ ಮೇಲೆ, ಉಜ್ವಲಾ ಹಿಂದೆ, ಅವಳ ತೊಡೆಯ ಮೇಲೆ ಅಳತೆಗೆಂದು ಒಯ್ಯುವ ಖಾಲಿ ಟ್ರೇ, ಇದೇ ಟ್ರೇ ಹಿಡಿದುಕೊಂಡು ನಿಪ್ಪಾಣಿಗೂ ಹೋಗಿದ್ದರು, ಅಲ್ಲಿ ತಂಬಾಕಿನ ವ್ಯಾಪಾರಿಯ ವ್ಯಾನು, ಸಿದ್ದಲಿಂಗ ಟ್ರೇಯನ್ನು ಒಳಗೆ ಅಡ್ಡ ಇಟ್ಟು ಉದ್ದ ಇಟ್ಟು ನೋಡಿ ಮುಖ ಅರಳಿಸಿದ, ಎಷ್ಟು ದಿನದ ಮೇಲೆ ಅರಳಿದ ಮುಖ ಅದು, ಅವಳು ಹಿಂದಿನ ಬಾಗಿಲು ತೆಗೆಸಿ ನಿಂತಳು, ಕಿಟಕಿಯಿಲ್ಲ, ಹಿಂದೆ ಸೀಟೇ ಇಲ್ಲ, ತಂಬಾಕಿನ ಘಾಟ ಹೋಗಂಗಿಲ್ಲರಿ, ಸಸಿಗೆ ಹತ್ತತೈತಿ, ಎಂದಳು, ಅದು ನೆಪ, ರಾಯಬಾಗದಲ್ಲಿ ನೋಡಿದ ವ್ಯಾನಿಗೆ ಬಿಡಿಬಿಡಿ ಸೀಟು, ಒಂದೊಂದಕ್ಕೂ ಎರಡೆರಡು ಕೈ, ರಾಜರ ಗತೆ ಕುಂಡ್ರಬಹುದ ನೋಡ್ರಿ ಅಕ್ಕಾರ, ಎಂದ ಮಾರುವವ, ಕೂಡ್ರಬಹುದು, ಕೂಡ್ರಬಹುದು, ಎಲ್ಲರೂ ಕೂಡ್ರುವುದನ್ನೇ ಹೇಳುತ್ತಾರೆ, ಹೊಗಿ ಬಾಳ ಬಿಡತೈತಿ ಎಂದಳು, ಅದೂ ನೆಪ, ಸಿದ್ದಲಿಂಗ ಮನೆ ಹತ್ತಿರ ಬಂದಾಗ ಗಾಡಿ ನಿಧಾನ ಮಾಡಿ, ನಿನ್ನ ಮನಸಿನ್ಯಾಗ ಎಂಥಾ ಗಾಡಿ ಐತಿ ಅನ್ನೂದರೆ ಹೇಳ, ಹುಡುಕೋಣು, ಎಂದ, ಬೈಯಲಿಲ್ಲ, ಬೈದಿದ್ದರೆ ಹೇಳಿಬಿಡುತ್ತಿದ್ದಳೇನೋ, ಹಿಂದಿನ ಸೀಟು ಆ ತುದಿಯಿಂದ ಈ ತುದಿಗೆ ಒಂದೇ ಇರಬೇಕು, ನಡುವೆ ಕೈ ಇರಬಾರದು, ಒಬ್ಬ ಹುಡುಗ ಕಾಲು ಚಾಚಿ ಮಲಗುವಷ್ಟು — ಹೇಳಲಿಲ್ಲ, ಹೇಳಿದರೆ ಯಾಕೆ ಎನ್ನುತ್ತಾನೆ, ಯಾಕೆ ಎಂದರೆ ಆ ದಿನದ್ದನ್ನು ಬಿಚ್ಚಬೇಕು, ಆ ದಿನ ಸಿದ್ದಲಿಂಗ ಇದೇ ಮೋಟರ್‌ಸೈಕಲ್ಲಿನ ಮೇಲೆ ಹಿಂದಿಂದೆ ಬರುತ್ತಿದ್ದ, ಅವನು ಮಗನ ಆ ಮಾತು ಕೇಳಿಲ್ಲ, ಕೇಳದವನು ಕೇಳದೆಯೇ ಇರಲಿ.

ಕಬ್ಬಿನ ಟ್ರ್ಯಾಕ್ಟರುಗಳು, ಒಂದರ ಹಿಂದೆ ಒಂದು, ಎರಡೆರಡು ಟ್ರೇಲರು, ಗರಿ ರಸ್ತೆಗೆ ಸವರುತ್ತ ಹೋಗುತ್ತಿವೆ, ಹಾಡು ಜೋರಾಗಿ ಹಚ್ಚಿದ್ದಾರೆ, ಸಿದ್ದಲಿಂಗ ಹಾರ್ನು ಹೊಡೆದು ಹೊಡೆದು ದಾಟುತ್ತಾನೆ, ಮುಂದೆ ಸೇತುವೆ ಬರುತ್ತದೆ, ಕೃಷ್ಣೆಯ ಮೇಲಿನ ಸೇತುವೆ, ಆ ದಿನದ ಮೇಲೆ ಈ ದಾರಿಗೆ ಬಂದಿಲ್ಲ, ತವರಿಗೂ ಹೋಗಿಲ್ಲ, ಕಣ್ಣು ಮುಚ್ಚಿಕೊಂಡರಾಯಿತು ಎಂದುಕೊಂಡಿದ್ದಳು, ಕಣ್ಣು ಮುಚ್ಚಿದರೆ ಸೇತುವೆಯ ಸದ್ದು ಬೇರೆ, ಚಕ್ರದ ಕೆಳಗೆ ಕಟ್ ಕಟ್ ಕಟ್, ಅದೇ ಸದ್ದು — ಜ್ವರ ಇಳಿಯಿತೆಂದು ಅತ್ತೆ ದೇವರಿಗೆ ಕೈಮುಗಿದ ಬೆಳಿಗ್ಗೆಯೇ ರೋಹನನ ಕೈಕಾಲು ತಣ್ಣಗಾದವು, ಡಾಕ್ಟರು ಮಿರಜಕ್ಕೆ ಒಯ್ಯಿರಿ ಎಂದರು, ಬಾಜೂ ಮನೆಯ ಲಗಮಣ್ಣ ಪೇಟೆಗೆಂದು ಪಿಕಪ್ಪಿನಲ್ಲಿ ಕೋಬಿ ತುಂಬಿಕೊಂಡು ನಿಂತಿದ್ದ, ಇಳಿಸುತ್ತ ಕೂಡ್ರಲು ಹೊತ್ತಿರಲಿಲ್ಲ, ಬಾ ಯಕ್ಕಾ ಹತ್ತ, ಎಂದ, ಮುಂದಿನ ಸೀಟಿನಲ್ಲಿ ಲಗಮಣ್ಣ, ಅವಳು, ಅವಳ ತೊಡೆಯ ಮೇಲೆ ಮಗ, ಹೆಗಲಿಗೆ ಬರುವ ಹುಡುಗ, ಎಲ್ಲಿ ಹಿಡಿಸಬೇಕು, ಮೊಣಕಾಲು ಎದೆಗೆ ಬಂದಿತ್ತು, ಪಾದ ಗೇರಿಗೆ ತಾಗುತ್ತಿತ್ತು, ಲಗಮಣ್ಣ ಗೇರು ಹಾಕುವಾಗೆಲ್ಲ ಅವಳು ಪಾದವನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು, ತಣ್ಣನೆಯ ಪಾದ, ಅವ್ವಾ ಕಾಲ ಚಾಚಬೇಕ, ಎಂದ, ಇಗಾ ಬಂತ ಮಿರಜ ಎಂದಳು, ಅವ್ವಾ ಕಾಲ ಚಾಚಬೇಕ, ಇಗಾ ಬಂತ ಕೂಸ, ಸೇತುವೆಯ ಮೇಲೆ ಒಮ್ಮೆ ಅಂದ, ಕಟ್ ಕಟ್ ಕಟ್, ಕಾಗವಾಡ ದಾಟುವಾಗ ಅನ್ನಲಿಲ್ಲ, ಅನ್ನಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು, ದೇವರೇ, ನಿದ್ದೆ ಹತ್ತಿತು ಎಂದು ಸಮಾಧಾನವಾಯಿತು — ಮನೆಗೆ ಕರೆತಂದ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು, ತಮ್ಮ ಮಂದಿಯಲ್ಲಿ ಪದ್ಧತಿ ಹಾಗೆ, ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಚಕ್ಕಳಮಕ್ಕಳ ಹಾಕಿ ಕೂಡಿಸುತ್ತಾರೆ, ಕೂತಂತೆ ಒಯ್ದು ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ, ಹಿರಿಯರೊಬ್ಬರು ಅವನ ಮೊಣಕಾಲು ಒತ್ತಿ ಮಡಚುತ್ತಿದ್ದರು, ಬ್ಯಾಡ್ರಿ ಎಂದಳೇ ಆಗ, ಬಾಯಿಂದ ಹೊರಗೆ ಬಂತೇ ಅದು, ಶಿವನ ತೊಡಿ ಮ್ಯಾಲ ಕುಂತಾನವ್ವಾ ತಂಗಿ, ಅಳಬ್ಯಾಡ, ಎಂದರು ಅವರು ಮೆತ್ತಗೆ, ತೊಡೆಯ ಮೇಲೆ ಕೂತು ಕೂತೇ ಅವನಿಗೆ ಸಾಕಾಗಿತ್ತು.

ಉಗಾರ ಹತ್ತಿರ ಬಂತೆಂದು ಮೂಗಿಗೆ ಗೊತ್ತಾಗುತ್ತದೆ, ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ, ಸಿಹಿಯೂ ಅಲ್ಲ ಹುಳಿಯೂ ಅಲ್ಲ, ಉಗಾರ ಬುದ್ರುಕದಲ್ಲಿ ಬೇವಿನ ಮರದ ಕೆಳಗೆ ವ್ಯಾನು ನಿಂತಿತ್ತು, ಬಿಳಿಯದು, ಈಗಷ್ಟೇ ತೊಳೆದದ್ದು, ನೀರು ಇನ್ನೂ ತೊಟ್ಟಿಕ್ಕುತ್ತಿದೆ, ಮುಂದಿನ ಗಾಜಿನ ಮೇಲೆ ಮಾ ಕೀ ದುವಾ ಎಂದು ಬರೆಸಿದ್ದಾರೆ, ಮಲಿಕಸಾಬ ಹೆಗಲ ಮೇಲಿನ ವಸ್ತ್ರದಿಂದ ಬಾನೆಟ್ಟು ಒರೆಸುತ್ತ, ಬರ್ರಿ ಬರ್ರಿ, ಎಂದ, ಮೊಣಕಾಲು ನೋವು, ಕ್ಲಚ್ಚು ತುಳಿಯಲು ಆಗುವುದಿಲ್ಲ, ಇಲ್ಲದಿದ್ದರೆ ಇದನ್ನು ಮಾರುವ ಮಾತೇ ಇರಲಿಲ್ಲ, ಮದುವೆ ಬಾಡಿಗೆಗೆ ಎಷ್ಟೆಷ್ಟು ದೂರ ಹೋಗಿದ್ದೇನೆ, ಒಂದು ದಿನ ದಾರಿಯಲ್ಲಿ ಕೈಬಿಟ್ಟಿಲ್ಲ, ಇವೆಲ್ಲ ಮಾರುವವರು ಹೇಳುವ ಮಾತೇ, ಆದರೆ ಇವನು ಹೇಳುವಾಗ ಗಾಡಿಯ ಮೈ ತಟ್ಟುತ್ತಾನೆ, ಎತ್ತಿನ ಬೆನ್ನು ತಟ್ಟಿದಂತೆ, ಗಾಡಿ ನೋಡಾಕ ಬಂದವರಿಗೆ ನಾ ಮೊದಲ ಕೇಳೂದ ಇದ ನೋಡ್ರಿ ಅಣ್ಣಾರ, ಮನ್ಯಾಗ ಎಷ್ಟ ಮಂದಿ? — ನಾಲ್ಕ, ಎಂದ ಸಿದ್ದಲಿಂಗ, ಐದ, ಎಂದಳು ಉಜ್ವಲಾ, ಎರಡೂ ಕೂಡಿಯೇ ಬಿದ್ದವು, ಮಲಿಕಸಾಬ ಜೋರಾಗಿ ನಕ್ಕ, ಏನ ಅಣ್ಣಾರ, ತಾಯೀನ್ನ ಲೆಕ್ಕದಾಗ ಬಿಟ್ಟೀರೇನ, ಇಲ್ಲಾ ನಮ್ಮ ಅಕ್ಕಾರನ್ನ ಗಾಡಿ ಟಪ್ಪಿನ ಮ್ಯಾಲ ಕುಂಡ್ರಸವ್ರೇನ, ಎಂದ, ಒಳ್ಳೆಯ ಮನುಷ್ಯ, ನಗಿಸಲೆಂದೇ ಅಂದದ್ದು, ಯಾರೂ ನಗಲಿಲ್ಲ, ಅವನು ವಸ್ತ್ರ ಜಾಡಿಸಿ ಮತ್ತೆ ಬಾನೆಟ್ಟು ಒರೆಸತೊಡಗಿದ, ರೂಪಾಲಿ ಅಪ್ಪನ ಬಾಯಿ ನೋಡಿದಳು, ಅವ್ವನ ಬಾಯಿ ನೋಡಿದಳು, ಒಂದನೇ ಇಯತ್ತೆಯ ಹುಡುಗಿಗೆ ನಾಲ್ಕು ಮತ್ತು ಐದರ ಲೆಕ್ಕ ಬರುತ್ತದೆ.

ಕೈ ಬಿಡಿಸಿಕೊಂಡು ವ್ಯಾನಿನ ಹಿಂದೆ ಹೋಯಿತು ಮಗು, ಹಿಂದಿನ ಗಾಜಿನ ಮೇಲೆ ಅಂಟಿಸಿದ ಕೆಂಪು ರೇಡಿಯಂ ಅಕ್ಷರ, ಬೆರಳಿಟ್ಟು ಕೂಡಿಸಿ ಓದುತ್ತದೆ, ದಾ, ನಿ, ಶ, ದಾನಿಶ, ಮ, ಸ, ರ, ತ, ಮಸರತ, ಓದು ಬಂದಾಗಿನಿಂದ ಗೋಡೆ, ಬಸ್ಸು, ಎಣ್ಣೆಯ ಡಬ್ಬಿ ಯಾವುದನ್ನೂ ಬಿಡುವುದಿಲ್ಲ, ಇವರ ಯಾರ, ಎಂದಿತು, ನನ್ನ ಹುಡುಗೂರವ್ವಾ, ಈಗ ನಿನ್ನಷ್ಟ ಸಣ್ಣವರಲ್ಲ, ನಿಮ್ಮ ಗಾಡಿ ಆದಮ್ಯಾಲ ಇವನ್ನ ತಗದ ನಿನ್ನ ಹೆಸರ ಬರಸೂದ, ಏನ ನಿನ್ನ ಹೆಸರ, ಎಂದ ಮಲಿಕಸಾಬ, ರೂಪಾಲಿ, ಎಂದಿತು, ಮತ್ತ ಯಾರದ ಬರಸೂದ ಇನ್ನ, ಎಂದ — ಈ ಸೀಮೆಯಲ್ಲಿ ಗಾಡಿ ಹಿಂದೆ ಒಂದೇ ಮಗುವಿನ ಹೆಸರು ಬರೆಸಿದರೆ ಆ ಮನೆಯಲ್ಲಿ ಒಂದೇ ಮಗು ಎಂದು ದಾರಿಹೋಕರಿಗೂ ತಿಳಿಯುತ್ತದೆ, ಇಬ್ಬರಿದ್ದು ಒಬ್ಬರದನ್ನು ಬಿಡುವವರಿಲ್ಲ, ದೂರ ಇದ್ದರಂತೂ ಅವರ ಹೆಸರನ್ನೇ ಮೇಲೆ ಬರೆಸುತ್ತಾರೆ, ಹಾಸ್ಟೆಲಿನಲ್ಲಿ ಇದ್ದರಂತೂ — ಸಿದ್ದಲಿಂಗ ಟ್ರೇ ನೋಡುತ್ತ, ಆಕೀದ ಅಷ್ಟ ಬರಸೂದ್ರಿ, ಎಂದ, ದನಿ ಅವನದಲ್ಲ, ಎಲ್ಲಿಂದಲೋ ಎರವಲು ತಂದಂತಿತ್ತು, ಉಜ್ವಲಾಳಿಗೆ ಗಾಜಿನ ಮೇಲೆ ಹೆಸರು ಕಂಡೇಬಿಟ್ಟಿತು, ರೂಪಾಲಿ, ಬಾಜೂಕೆ ಬರಿಯ ಗಾಜು, ಈಗ ಕೇಳುತ್ತಾಳೆ, ಅಣ್ಣನದು ಯಾಕೆ ಬೇಡ ಎಂದು ಈಗ ಕೇಳುತ್ತಾಳೆ, ಏನು ಹೇಳಲಿ, ಜಾಗವಿಲ್ಲ ಎನ್ನಲೇ, ಅವನಿಗೆ ಮತ್ತೊಮ್ಮೆ ಜಾಗವಿಲ್ಲ ಎನ್ನಲೇ — ಮಗು ಕೇಳಲಿಲ್ಲ, ಬೆರಳನ್ನು ಗಾಜಿನಿಂದ ತೆಗೆದು ಲಂಗಕ್ಕೆ ಒರೆಸಿಕೊಂಡಿತು, ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು.

ಬಾಗಿಲು ಸರಿಸಿದ ಮಲಿಕಸಾಬ, ಹಿಂದಿನ ಸೀಟು ಆ ತುದಿಯಿಂದ ಈ ತುದಿಗೆ ಒಂದೇ, ಕೈಗಳಿಲ್ಲ, ಕಂದು ರೆಕ್ಸಿನ್ನು, ಒಂದು ಕಡೆ ಹರಿದದ್ದನ್ನು ಯಾರೋ ದಾರದಿಂದ ಹೊಲಿದಿದ್ದಾರೆ, ಸಣ್ಣ ಸಣ್ಣ ಹೊಲಿಗೆ, ಹೆಣ್ಣು ಕೈಯದು, ರೂಪಾ, ಹತ್ತ ಒಳಗ, ಮಲಕೊ ನೋಡೋಣು, ಎಂದಳು ಉಜ್ವಲಾ, ಮಗು ಹತ್ತಿ ಮಲಗಿತು, ಕಾಲ ಚಾಚ, ಎಂದಳು, ಚಾಚಿತು, ಇನ್ನಾ ಚಾಚ, ಇಷ್ಟ ಅದಾವ ಅವ್ವಾ ನನ್ನ ಕಾಲ, ಎಂದಿತು, ಪಾದಕ್ಕೂ ಆ ಕಡೆಯ ಬಾಗಿಲಿಗೂ ನಡುವೆ ಜಾಗ ಉಳಿಯಿತು, ಉಜ್ವಲಾ ಬಗ್ಗಿ ಗೇಣು ಹಾಕಿದಳು, ಒಂದು ಗೇಣು, ಅದರ ಮೇಲೊಂದು, ಅವನು ಇಲ್ಲಿಯವರೆಗೆ ಬರುತ್ತಿದ್ದ, ಇಲ್ಲಿಗೆ ಅವನ ಹಿಮ್ಮಡಿ, ಬಾಗಿಲಿಗೆ ತಾಗುತ್ತಿರಲಿಲ್ಲ, ಮಿರಜದವರೆಗೆ ತಾಗುತ್ತಿರಲಿಲ್ಲ, ಕೈ ಅಲ್ಲೇ ಉಳಿಯಿತು, ರೆಕ್ಸಿನ್ನು ಬಿಸಿಲಿಗೆ ಬೆಚ್ಚಗಿತ್ತು, ಆಮೇಲೆ ತಲೆ ಎತ್ತಿದರೆ ಆ ಕಡೆಯ ಕಿಟಕಿಯಲ್ಲಿ ಸಿದ್ದಲಿಂಗ, ಟ್ರೇಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಾನೆ, ಅವಳ ಗೇಣನ್ನು ನೋಡುತ್ತಿದ್ದಾನೆ, ಎಷ್ಟು ಹೊತ್ತಿನಿಂದ ನೋಡುತ್ತಿದ್ದಾನೋ, ಅವನು ಕೇಳಿಲ್ಲ ಎಂದುಕೊಂಡಿದ್ದಳು, ಆ ದಿನ ಪಿಕಪ್ಪಿನ ಬಾಗಿಲು ತೆಗೆದು ಮಗನನ್ನು ಎತ್ತಿಕೊಂಡವನು ಅವನೇ, ಮಡಚಿದ ಕಾಲು ಮಡಚಿದಂತೆಯೇ ಇದ್ದದ್ದು ಅವನ ಕೈಗೂ ಗೊತ್ತಿತ್ತು, ಈಗ ಟ್ರೇ ಕೆಳಗಿಟ್ಟ, ಮಲಿಕಸಾಬನ ಕಡೆ ತಿರುಗಿ, ಹಿಂದಿನ ಸೀಟ ಮಡಚೂವಂಗ ಮಾಡಸಬೇಕಂತಿದ್ನಿ, ಬ್ಯಾಡ್ರಿ, ಅದ ಹಂಗ ಇರಲಿ, ಟ್ರೇ ಎಷ್ಟ ಹಿಡೀತಾವ ಅಷ್ಟ ಹಿಡೀಲಿ, ಇದನ್ನ ಗಟ್ಟಿ ಮಾಡೋಣು, ಎಂದ, ಇಂಜಿನ್ನು ಚಾಲೂ ಮಾಡಿ ನೋಡಿರಲಿಲ್ಲ ಇನ್ನೂ, ಮಲಿಕಸಾಬನಿಗೇ ಅಚ್ಚರಿ, ಒಂದ ಸುತ್ತ ಹೊಡದರೆ ನೋಡ್ರಿ ಅಣ್ಣಾರ, ಎಂದ, ಆಮ್ಯಾಲ ನೋಡ್ತೇನ್ರಿ, ಎಂದ ಸಿದ್ದಲಿಂಗ, ಕಾಗದಪತ್ರ ನೋಡಲು ಇಬ್ಬರೂ ಒಳಗೆ ಹೋದರು, ಒಳಗೆ ಹೋಗುವಾಗ ಸಿದ್ದಲಿಂಗ ವಸ್ತ್ರವಿಲ್ಲದ ತನ್ನ ಹೆಗಲಿನಿಂದಲೇ ಮುಖ ಒರೆಸಿಕೊಂಡ.

ನಾ ಇಲ್ಲೇ ಇರ್ತೇನಿ ಎಂದಳು ರೂಪಾಲಿ, ಸೀಟಿನ ಮೇಲೆ ಮಲಗಿಯೇ ಇದ್ದಳು, ಬಾಜೂಕಿನ ಕಿಟಕಿ ತೆರೆದಿತ್ತು, ಮನೆಯೊಳಗಿಂದ ಮಮತಾಜ ಬಂದಳು, ಮಲಿಕಸಾಬನ ಹೆಂಡತಿ, ಒಂದು ಕೈಯಲ್ಲಿ ಚಹದ ಕಪ್ಪು, ಇನ್ನೊಂದರಲ್ಲಿ ಬಿಸಿನೀರಿನ ಬೋಗುಣಿ, ಹೆಗಲಿಗೆ ಹಳೆಯ ಬಟ್ಟೆ, ಚಹ ಕುಡೀರಿ, ಎಂದು ಕಪ್ಪು ಕೊಟ್ಟು, ಬಟ್ಟೆ ಅದ್ದಿ ಹಿಂಡಿ ಗಾಜಿನ ಮೇಲಿನ ಅಕ್ಷರಕ್ಕೆ ಒತ್ತಿ ಹಿಡಿದಳು, ನಮ್ಮವರು ಬ್ಲೇಡಿನಿಂದ ಕೆರೆದರೆ ಗಳಿಗೆಯಲ್ಲಿ ಹೋಗುತ್ತದೆ ಎನ್ನುತ್ತಾರೆ, ಗಾಡಿ ಮಾತಾಯಿತು ಎಂದು ಕೇಳಿದ ಕೂಡಲೇ ನಾನು ನೀರು ಕಾಯಿಸಿದೆ ಎಂದಳು, ಮಕ್ಕಳ ಹೆಸರ ಮ್ಯಾಲ ಬ್ಲೇಡ ಹಾಕಾಕ ತಾಯಿಗಿ ಮನಸ ಬರಂಗಿಲ್ಲ ನೋಡ್ರಿ ಅಕ್ಕಾರ, ಹುಚ್ಚ ಅನ್ರಿ ಬೇಕಾದ್ರ, ಎಂದಳು, ಉಜ್ವಲಾ ಚಹದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಸೆರಗು ಸಿಕ್ಕಿಸಿ ಬಟ್ಟೆಯ ಇನ್ನೊಂದು ತುದಿ ಹಿಡಿದಳು, ಮನೆಯಲ್ಲಿ ಕೊನೆಯ ಸಾಲು ಒಣಗಿ ನಿಂತಿದೆ, ಇಲ್ಲಿ ಬೇರೆಯವರ ಮಗನ ಹೆಸರಿಗೆ ನೀರು, ದಾ ಮೆತ್ತಗಾಯಿತು, ನಿ ಅಂಚಿನಿಂದ ಎದ್ದಿತು, ಮಮತಾಜ ಅದನ್ನು ಉಗುರಿನಿಂದ ಎಬ್ಬಿಸಿ ಹರಿಯದಂತೆ ತೆಗೆದು ಅಂಗೈಗೆ ಅಂಟಿಸಿಕೊಂಡಳು, ನಿಮಗ ಇಕೀ ಒಬ್ಬಾಕೇನಾ, ಎಂದಳು, ಸುಮ್ಮನೆ ಕೇಳಿದ್ದು, ಹೆಂಗಸರು ಕೇಳುವಂತೆ, ಇಬ್ಬರ ಇದ್ರರಿ, ಎಂದಳು ಉಜ್ವಲಾ, ಮಗಾ ದೊಡ್ಡಾವ, ಶ್ರಾವಣದಾಗ ಹ್ವಾದ, ಎಂದಳು, ಅಷ್ಟು ಸುಲಭವಾಗಿ ಬಂತು ಬಾಯಿಗೆ, ಮನೆಯಲ್ಲಿ ಒಬ್ಬರಿಗೂ ಆಡದ ಮಾತು, ಉಗಾರದ ಬೇವಿನ ಮರದ ಕೆಳಗೆ, ಮಿರಜಕ ಒಯ್ಯೂಮುಂದ ಕಾಲ ಚಾಚಬೇಕ ಚಾಚಬೇಕ ಅಂದ್ನರಿ, ಗಾಡ್ಯಾಗ ಜಾಗಾ ಇರಲಿಲ್ಲ, ಆಮ್ಯಾಲ ಮಣ್ಣ ಕೊಡೂಮುಂದನೂ ಕುಂಡ್ರಿಸೇ ಕೊಟ್ರು, ನಮ್ಮಾಗ ಹಂಗ, ಎಂದಳು, ಮಮತಾಜಳ ಮಂದಿಯಲ್ಲಿ ಹೋದವರನ್ನು ಮಲಗಿಸುತ್ತಾರೆ, ಉದ್ದಕ್ಕೆ, ಅದನ್ನು ಹೇಳಲಿಲ್ಲ ಪುಣ್ಯಾತಗಿತ್ತಿ, ಬಿಸಿನೀರಿನ ಕೈಯನ್ನು ಉಜ್ವಲಾಳ ಕೈಯ ಮೇಲೆ ಇಟ್ಟಳು, ಇಬ್ಬರ ಕೈಯೂ ಗಾಜಿನ ಮೇಲೆ, ನೀರು ಮೊಣಕೈಗೆ ಇಳಿದು ತೊಟ್ಟಿಕ್ಕುತ್ತಿದೆ.

ಅಕ್ಷರವೆಲ್ಲ ಎದ್ದು ಬಂದವು, ಆದರೂ ಹೆಸರು ಹೋಗಲಿಲ್ಲ, ಎಷ್ಟೋ ವರ್ಷದ ಬಿಸಿಲು ದೂಳು ಸುತ್ತಲಿನ ಗಾಜನ್ನು ಮಂಕು ಮಾಡಿದೆ, ಅಕ್ಷರವಿದ್ದ ಜಾಗ ಮಾತ್ರ ತಿಳಿಯಾಗಿದೆ, ಅಲ್ಲಿಂದ ಒಳಗೆ ಕಾಣುತ್ತದೆ, ದಾ ಎನ್ನುವುದರ ಒಳಗಿಂದ ಸೀಟಿನ ಬೆನ್ನು, ನಿ ಎನ್ನುವುದರ ಒಳಗಿಂದ ಬಾಗಿಲಿನ ಹಿಡಿ, ಉಜ್ವಲಾ ಮುಖ ಗಾಜಿಗೆ ತಂದಳು, ಬೆನ್ನಿನಾಚೆ ಎರಡು ಪಾದ, ಸಣ್ಣವು, ಗೆಜ್ಜೆಯವು, ಮಲಗಿದಾಗ ಮಡಚಿಕೊಂಡರೆ ತಾನು ದಿನಾ ಮೆಲ್ಲಗೆ ಎಳೆದು ನೆಟ್ಟಗೆ ಮಾಡುವ ಪಾದ, ಕಾಲ ಚಾಚಿ ಮಲಕೊ ಬೇ ಎಂದು ದಿನಾ ಅನ್ನುತ್ತಾಳೆ, ನಿದ್ದೆಯಲ್ಲಿದೆ ಕೇಳುವುದಿಲ್ಲ ಎಂದುಕೊಂಡು ಅನ್ನುತ್ತಾಳೆ, ಪಾದ ಅಲುಗುತ್ತಿಲ್ಲ, ಒಳಗೆ ಮಗು ಉಸಿರು ಬಿಗಿಹಿಡಿದು ಮಲಗಿದೆ, ಕಿಟಕಿ ತೆರೆದಿದೆ, ಕಿಟಕಿ ತೆರೆದೇ ಇತ್ತು, ಅಯ್ಯೋ, ಕಿಟಕಿ ತೆರೆದಿತ್ತು — ಪಾದ ಒಮ್ಮೆ ಮಡಚಿಕೊಂಡಿತು, ಮತ್ತೆ ಚಾಚಿತು, ಬೆರಳು ಬಿಗಿ ಮಾಡಿ ಬಾಗಿಲು ಮುಟ್ಟಲು ನೋಡುತ್ತಿದೆ, ಮುಟ್ಟುತ್ತಿಲ್ಲ, ನಡುವೆ ಆ ಎರಡು ಗೇಣು, ಕಂದು ರೆಕ್ಸಿನ್ನು, ಬಿಸಿಲು ಬಿದ್ದದ್ದು, ಖಾಲಿ, ಈಗ ಹಾಸ್ಟೆಲಿನದು ಕೇಳಿದರೆ, ಯುಗಾದಿಯದು ಕೇಳಿದರೆ, ಹೆಸರಿನದು ಕೇಳಿದರೆ, ಮಗು ಅದ್ಯಾವುದನ್ನೂ ಕೇಳಲಿಲ್ಲ, ಅದೆಲ್ಲ ಯಾವಾಗಲೋ ಗೊತ್ತಿದ್ದವಳ ದನಿ ಅದು, ಶಾಂತವಾದ ದನಿ, ಪಾದ, ಎರಡು ಗೇಣು, ಬಾಗಿಲು —

ಅವ್ವಾ, ಅಣ್ಣ ಮಣ್ಣಿನ್ಯಾಗರೆ ಕಾಲ ಚಾಚ್ಯಾನೇನ?